ಹಾಳೆಯ ಮೇಲಿನ ದೇವದಾರು

ಕಾಳಿದಾಸನ ಓದುಗರಿಗೆ ದೇವದಾರು ಅಪರಿಚಿತವಾದ ಮರವಲ್ಲ. ರಘುವಂಶದ ಎರಡನೆಯ ಸರ್ಗದಲ್ಲಿ, ನಂದಿನಿಯನ್ನು ಕಾಯುತ್ತ ಹಿಮವಂತನ ತಪ್ಪಲಿಗೆ ಬಂದ ದಿಲೀಪನಿಗೆ ಸಿಂಹವೊಂದು ಒಂದು ದೇವದಾರು ವೃಕ್ಷವನ್ನು ತೋರಿಸಿ, ಅದು ಪಾರ್ವತಿ ಮಗನಂತೆ ಸಾಕಿದ ಮರವೆಂದೂ, ಕಾಡಾನೆಯೊಂದು ಮೈಯುಜ್ಜಿ ಅದರ ತೊಗಟೆಯನ್ನು ಸುಲಿದಾಗ ದೇವಿ ಮರುಗಿದಳೆಂದೂ, ಅಂದಿನಿಂದ ತಾನು ಅದರ ಕಾವಲಿಗೆ ನಿಂತಿರುವೆನೆಂದೂ ಹೇಳುತ್ತದೆ. ಮರವೊಂದಕ್ಕೆ ಇದಕ್ಕಿಂತ ದೊಡ್ಡ ಗೌರವ ನಮ್ಮ ಸಾಹಿತ್ಯದಲ್ಲಿ ದೊರೆತಿರುವುದು ವಿರಳ. ‘ದಾರು’ ಎಂದರೆ ಮರ, ಕಟ್ಟಿಗೆ. ದೇವದಾರು ಎಂದರೆ ದೇವರ ಮರ. ಹೆಸರಿನಲ್ಲಿಯೇ ಪೂಜ್ಯಭಾವ ಅಡಗಿದೆ.

ಆದರೆ ಇದೇ ಹೆಸರು ಹಿಮಾಲಯದಿಂದ ಬಹುದೂರದ ನಮ್ಮ ಮಲೆನಾಡಿನಲ್ಲಿಯೂ ಕೇಳಿಬರುತ್ತದೆ. ಪಶ್ಚಿಮ ಘಟ್ಟದ ಕಾಡನ್ನು ಬಲ್ಲವರು, ಮರದ ವ್ಯಾಪಾರ ಮಾಡುವವರು, ಹಳೆಯ ಮನೆಗಳ ತೊಲೆ ಬಾಗಿಲುಗಳನ್ನು ಕೆತ್ತಿದ ಆಚಾರಿಗಳು ‘ದೇವದಾರಿ’ ಎನ್ನುತ್ತಾರೆ. ‘ಬಿಳಿ ದೇವದಾರಿ’, ‘ಕೆಂಪು ದೇವದಾರಿ’ ಎಂದು ವಿಂಗಡಿಸಿಯೂ ಹೇಳುತ್ತಾರೆ. ಕಾಳಿದಾಸನ ಮರ ಕೊಪ್ಪ, ಶೃಂಗೇರಿಯ ಕಡೆಗೆ ಬಂದದ್ದು ಹೇಗೆ? ಬಂದದ್ದು ಮರವಲ್ಲ, ಹೆಸರು. ಆ ಹೆಸರು ಎಲ್ಲೆಲ್ಲಿ ಅಲೆದು ಯಾವ ಯಾವ ಮರದ ಮೇಲೆ ಕುಳಿತಿದೆ ಎಂಬುದನ್ನೂ, ಅದನ್ನು ಇತ್ಯರ್ಥ ಮಾಡಲು ಮನುಷ್ಯ ಕಂಡುಕೊಂಡ ಒಂದು ಸರಳ ಸಾಧನದ ಚರಿತ್ರೆಯನ್ನೂ ಇಲ್ಲಿ ನೋಡೋಣ.

ಹಿಮಾಲಯದ ದೇವದಾರು ಸೂಜಿಯಂಥ ಎಲೆಗಳ ಮರ. ಅದು ಪೈನ್ ಮರಗಳ ಬಳಗಕ್ಕೆ ಸೇರಿದುದು. ಅದಕ್ಕೆ ಹೂವೆಂಬುದಿಲ್ಲ, ಶಂಕುವಿನಾಕಾರದ ಕಾಯಿಗಳಲ್ಲಿ ಬೀಜ ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಸೀಡ್ರಸ್ ದೇವದಾರ ಎಂದು ಕರೆದು ನಮ್ಮ ಹಳೆಯ ಹೆಸರನ್ನು ಲ್ಯಾಟಿನ್ನಿನಲ್ಲಿಯೂ ಉಳಿಸಿದ್ದಾರೆ. ನಮ್ಮ ಕೆಂಪು ದೇವದಾರಿಗೆ ಮಲೆನಾಡಿನಲ್ಲಿ ಗಂಧಗರಿಗೆ ಎಂಬ ಹೆಸರೂ ಉಂಟು. ಅದು ಬೇವಿನ ಕುಟುಂಬದ ಮರ. ಒಂದೇ ದಂಟಿನ ಎರಡು ಬದಿಗೂ ಸಾಲಾಗಿ ಜೋಡಿಸಿದ ಕಿರುಎಲೆಗಳು, ಗೊಂಚಲು ಗೊಂಚಲಾದ ಸಣ್ಣ ಪರಿಮಳದ ಹೂಗಳು, ಒಣಗಿ ಐದು ಹೋಳಾಗಿ ಬಿರಿಯುವ ಕಾಯಿ, ಎರಡು ತುದಿಗೂ ರೆಕ್ಕೆಯಿರುವ ಹಗುರವಾದ ಬೀಜ ಇವು ಅದರ ಗುರುತು. ಕೆಂಪು ಬಣ್ಣದ, ನವಿರಾದ, ಸುವಾಸನೆಯ ಅದರ ಮರ ಪೀಠೋಪಕರಣಗಳಿಗೂ ಪೆಟ್ಟಿಗೆಗಳಿಗೂ ಹೇಳಿಮಾಡಿಸಿದಂತಿದೆ. ಹೂವಿನಿಂದ ಬಟ್ಟೆಗೆ ಬಣ್ಣ ತೆಗೆಯುತ್ತಿದ್ದರು. ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಅದನ್ನು ಉಳಿಸಿಕೊಂಡಿದ್ದಾರೆ. ಬಿಳಿ ದೇವದಾರಿಯೂ ಬೇವಿನ ಕುಟುಂಬದ್ದೇ. ಆದರೆ ಅದು ನಿತ್ಯಹಸುರಿನ ದಟ್ಟಡವಿಯ ದೈತ್ಯ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ತಾನಾಗಿ ಬೆಳೆಯದ ಮರ ಅದು. ಅದರ ಬೀಜ ದೊಡ್ಡದು, ರೆಕ್ಕೆಯಿಲ್ಲದ್ದು. ಗಾಳಿಯಲ್ಲಿ ಹಾರಲಾರದು, ಮಂಗಟ್ಟೆಯಂಥ ದೊಡ್ಡ ಕೊಕ್ಕಿನ ಹಕ್ಕಿಗಳು ನುಂಗಿ ಒಯ್ಯಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಬೆಳೆಯುವ ಇನ್ನೊಂದು ಗಿಡ್ಡ ಮರಕ್ಕೂ ದಕ್ಷಿಣದಲ್ಲಿ ದೇವದಾರುವೆಂಬ ಹೆಸರಿದೆ. ಅದು ಎರಿತ್ರಾಕ್ಸಿಲಮ್ ಎಂಬ ಬೇರೆಯದೇ ಬಳಗದ್ದು. ಒಂಟಿ ಎಲೆಯದು, ವಾಸನೆಯುಳ್ಳ ಚೇಗಿನದು. ಹಿಮಾಲಯದ ದೇವದಾರುವನ್ನು ಹೇಳಿದ ಔಷಧಯೋಗಗಳಿಗೆ ದಕ್ಷಿಣದ ಅಂಗಡಿಗಳಲ್ಲಿ ಇದರ ಚಕ್ಕೆ ಸಲ್ಲುತ್ತ ಬಂದಿದೆ. ಬಂಗಾಳಕ್ಕೆ ಹೋದರೆ, ನಾವು ಶಾಲೆ ಕಚೇರಿಗಳ ಅಂಗಳದಲ್ಲಿ ಕಂಬದಂತೆ ಬೆಳೆಸುವ ನೀಳ ಎಲೆಯ ಅಲಂಕಾರದ ಮರವನ್ನು ದೇಬ್ದಾರು ಎನ್ನುತ್ತಾರೆ. ಅಲ್ಲಿಗೆ ಹೆಸರು ಒಂದು, ಮರ ಐದು. ಐದರಲ್ಲಿ ನಾಲ್ಕಕ್ಕೆ ಕಾಳಿದಾಸನ ಮರದೊಂದಿಗೆ ಯಾವ ರಕ್ತಸಂಬಂಧವೂ ಇಲ್ಲ.

ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ದೇವದಾರು ಎಂಬುದು ನಮ್ಮವರಿಗೆ ಹೆಸರಾಗಿರುವಷ್ಟೇ ಬಿರುದೂ ಆಗಿತ್ತು. ನೇರವಾಗಿ ಬೆಳೆದು, ಪರಿಮಳವಿದ್ದು, ಹುಳು ಹಿಡಿಯದೆ ಬಾಳುವ ಮರವನ್ನು ಕಂಡಾಗ ಕೇಳಿಬಂದ ಶ್ರೇಷ್ಠ ಹೆಸರನ್ನು ಅದಕ್ಕೆ ಕೊಟ್ಟರು. ಊರೂರಿಗೆ ಒಂದೊಂದು ದಕ್ಷಿಣಕಾಶಿ ಇರುವ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ಬಿಳಿ ದೇವದಾರಿಗೆ ಬಿಳಿ ಅಗಿಲು ಎಂಬ ಇನ್ನೊಂದು ಹೆಸರಿದೆ, ಅದೂ ಎರವಲು. ಅಗಿಲು, ಅಗರು ಎಂದು ಕಾವ್ಯಗಳಲ್ಲಿ ಧೂಪಕ್ಕೆ ಬರುವ ಮರ ಅಸ್ಸಾಮಿನ ಕಡೆಯದು; ಅದನ್ನು ಮಲೆನಾಡಿನ ತೋಟಗಳಲ್ಲಿ ನೆಡುವ ಉತ್ಸಾಹ ಈಚಿನ ದಶಕಗಳದು. ಹೀಗೆ ಘಟ್ಟದ ಈ ಮರಕ್ಕೆ ಒಂದು ಹೆಸರು ಹಿಮಾಲಯದಿಂದ, ಮತ್ತೊಂದು ಅಸ್ಸಾಮಿನಿಂದ.

ಪಾಶ್ಚಾತ್ಯರೂ ಇದನ್ನೇ ಮಾಡಿದರು. ಗ್ರೀಕರ ಕೆದ್ರೋಸ್ ಎಂಬ ಮಾತು ಜೂನಿಪರ್ ಜಾತಿಯ ಗಿಡಗಳಿಗೂ ಸಲ್ಲುತ್ತಿತ್ತು. ಅದು ಮುಂದೆ ಲೆಬನಾನಿನ ಸೀಡರ್ ಮರಕ್ಕೆ ಅಂಟಿಕೊಂಡಿತು. ಸಾಲೊಮನ್ ದೊರೆಯ ದೇವಾಲಯಕ್ಕೆ ಬಳಸಿದ್ದು ಆ ಮರವೆಂದು ಬೈಬಲ್ ಹೇಳುತ್ತದೆ. ಅಲ್ಲಿಯೂ ಅದು ದೇವರ ಮರವೇ. ಸ್ಪೇನಿನವರು ಅಮೆರಿಕದಲ್ಲಿ ಕೆಂಪಾದ ಸುವಾಸನೆಯ ಮರವನ್ನು ಕಂಡು ಸೀಡರ್ ಎಂದರು. ವಿದ್ವಾಂಸರು ಅದನ್ನು ಸೀಡ್ರೆಲ, ಎಂದರೆ ಕಿರಿಯ ಸೀಡರ್, ಎಂದರು. ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ನಮ್ಮ ಗಂಧಗರಿಗೆಯನ್ನು ಆ ಸೀಡ್ರೆಲದ ಪಂಕ್ತಿಯಲ್ಲಿ ಕೂರಿಸಿದರು. ಅದಕ್ಕೆ ತನ್ನದೇ ಪಂಕ್ತಿ ದೊರೆತದ್ದು ೧೮೪೬ರಲ್ಲಿ, ಟೂನ ಎಂಬ ಹೆಸರಿನಲ್ಲಿ. ಉತ್ತರ ಭಾರತದ ಜನ ಆ ಮರಕ್ಕೆ ಹೇಳುತ್ತಿದ್ದ ‘ತೂನ್’ ಎಂಬ ಮಾತೇ ಲ್ಯಾಟಿನ್ ವೇಷ ತೊಟ್ಟಿತು. ಆಸ್ಟ್ರೇಲಿಯದಲ್ಲಿಯೂ ಬೆಳೆಯುವ ಈ ಮರವನ್ನು ಅಲ್ಲಿಯ ವಲಸೆಗಾರರು ಕೆಂಪು ಸೀಡರ್ ಎಂದೇ ಕರೆದು ಕಡಿದರು.

ಹೀಗೆ ಹೆಸರುಗಳು ಅಲೆಯುತ್ತಿರುವಾಗ, ಒಬ್ಬನು ಬರೆದ ಮರ ಯಾವುದೆಂದು ಇನ್ನೊಬ್ಬನು ತಿಳಿಯುವುದು ಹೇಗೆ? ಹದಿನಾರನೆಯ ಶತಮಾನದ ಇಟಲಿಯಲ್ಲಿ ಇದಕ್ಕೊಂದು ಉತ್ತರ ದೊರೆಯಿತು. ಬೊಲೋನ್ಯ ಮತ್ತು ಪೀಸಾಗಳಲ್ಲಿ ಉಪಾಧ್ಯಾಯರಾಗಿದ್ದ ಲೂಕಾ ಘೀನಿ ಗಿಡಗಳನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಯ ಮೇಲೆ ಅಂಟಿಸಿ ಇಡುವ ಪದ್ಧತಿಯನ್ನು ಶಿಷ್ಯರಿಗೆ ಕಲಿಸಿದರು. ಮೊದಲು ಅಂಥ ಹಾಳೆಗಳನ್ನು ಪುಸ್ತಕದಂತೆ ಹೊಲಿಯುತ್ತಿದ್ದರು. ಸ್ವೀಡನ್ನಿನ ಲಿನೀಯಸ್ ಅವುಗಳನ್ನು ಬಿಡಿಯಾಗಿ ಕಪಾಟಿನಲ್ಲಿಟ್ಟು, ಬೇಕೆಂದಂತೆ ಕ್ರಮ ಬದಲಿಸುವ ಅನುಕೂಲ ಮಾಡಿಕೊಂಡರು. ಈ ಒಣಸಸ್ಯಗಳ ಭಂಡಾರಕ್ಕೇ ಹರ್ಬೇರಿಯಂ ಎಂದು ಹೆಸರು.

ಕೆಲಸ ನೋಡಲು ಸುಲಭ. ಎಲೆಯ ಜೊತೆಗೆ ಹೂವೋ ಕಾಯೋ ಇರುವ ಒಂದು ರೆಂಬೆಯನ್ನು ಕತ್ತರಿಸಬೇಕು. ಹಳೆಯ ವೃತ್ತಪತ್ರಿಕೆಗಳ ನಡುವೆ ಹರವಿ, ಹಲಗೆಗಳ ನಡುವೆ ಬಿಗಿದು, ತೇವ ಹೀರಿದ ಕಾಗದವನ್ನು ದಿನದಿನವೂ ಬದಲಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದು ಎಂಥ ತಪಸ್ಸೆಂಬುದನ್ನು ಹಪ್ಪಳ ಒಣಗಿಸಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಒಂದು ದಿನ ಅಲಕ್ಷ್ಯ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಗಟ್ಟಿ ಹಾಳೆಯ ಮೇಲೆ ಹೊಲಿದೋ ಅಂಟಿಸಿಯೋ, ಬಲಮೂಲೆಯಲ್ಲಿ ಒಂದು ಚೀಟಿಯನ್ನು ಹಚ್ಚುತ್ತಾರೆ. ಸಿಕ್ಕಿದ ಊರು, ದಿನಾಂಕ, ಸಮುದ್ರಮಟ್ಟದಿಂದ ಎತ್ತರ, ಕೊಯ್ದವರ ಹೆಸರು, ಕ್ರಮಸಂಖ್ಯೆ, ಮರದ ಎತ್ತರ, ಹೂವಿನ ಬಣ್ಣ, ತೊಗಟೆಯ ವಾಸನೆ, ಸ್ಥಳೀಯ ಹೆಸರು ಇವೆಲ್ಲ ಅದರಲ್ಲಿರಬೇಕು. ಒಣಗಿದಾಗ ಕಳೆದುಹೋಗುವುದನ್ನೆಲ್ಲ ಅಕ್ಷರದಲ್ಲಿ ಹಿಡಿದಿಡುವುದು ಚೀಟಿಯ ಕೆಲಸ. ಐದು ದೇವದಾರುಗಳ ಐದು ಹಾಳೆಗಳನ್ನು ಮೇಜಿನ ಮೇಲೆ ಹರಡಿದರೆ ವಾದ ಮುಗಿಯಿತು. ಸೂಜಿ ಎಲೆಯದು ಹಿಮಾಲಯದ್ದು, ಒಂಟಿ ಎಲೆಯ ಎರಡು ಬಯಲುಸೀಮೆಯದೂ ಬಂಗಾಳದ ಅಲಂಕಾರದ ಮರವೂ. ಸಾಲೆಲೆಯ ಎರಡರಲ್ಲಿ ರೆಕ್ಕೆಬೀಜದ್ದು ಗಂಧಗರಿಗೆ, ದಪ್ಪ ಬೀಜದ್ದು ಬಿಳಿ ದೇವದಾರಿ.

ಸಾಹಿತ್ಯಾಸಕ್ತರಿಗೆ ಇದನ್ನು ಹೇಳಲು ನಮ್ಮಲ್ಲಿಯೇ ಒಂದು ಉಪಮಾನವಿದೆ: ಹರ್ಬೇರಿಯಂ ಹಾಳೆ ಕಾಡಿನ ಶಾಸನ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವನ್ನು ೧೯೦೧ರಲ್ಲಿ ಪ್ರಕಟಿಸಿದಾಗ ಆಗಿನ ಕಡೂರು ಜಿಲ್ಲೆಯ ಶಾಸನಗಳು, ಅವುಗಳೊಂದಿಗೆ ಕೊಪ್ಪ, ಶೃಂಗೇರಿಗಳ ಶಾಸನಗಳು, ಬೆಳಕು ಕಂಡವು. ಊರುಗಳ ಹೆಸರು ಬದಲಾಗುತ್ತದೆ. ಇಂದಿನ ನರಸಿಂಹರಾಜಪುರ ಹಿಂದೆ ಎಡೇಹಳ್ಳಿ. ಪದಗಳ ಅರ್ಥವೂ ಮಸುಕಾಗುತ್ತದೆ. ಶಾಸನಗಳಲ್ಲಿ ಬರುವ ಕೊಡಗಿ ಎಂಬ ಮಾತು ದತ್ತಿಯಾಗಿ ಬಿಟ್ಟ ಭೂಮಿಯನ್ನು ಸೂಚಿಸುತ್ತದೆ ಎಂದು ತಿಳಿದವನಿಗೆ ಹಿರೇಕೊಡಿಗೆಯಂಥ ಊರಿನ ಹೆಸರು ಬೇರೆಯಾಗಿಯೇ ಕೇಳಿಸುತ್ತದೆ. ಕಲ್ಲು ಮಾತ್ರ ತನ್ನ ಕಾಲದ ಸಾಕ್ಷ್ಯವನ್ನು ಹಾಗೆಯೇ ಹಿಡಿದು ನಿಂತಿರುತ್ತದೆ. ಹಾಳೆಯ ಸ್ವಭಾವವೂ ಅದೇ. ವಿದ್ವಾಂಸರು ಹೆಸರನ್ನು ಎಷ್ಟು ಬಾರಿ ತಿದ್ದಿದರೂ ತಿದ್ದುಪಡಿಯ ಚೀಟಿ ಹಳೆಯದರ ಪಕ್ಕದಲ್ಲಿ ಸೇರುತ್ತದೆಯೇ ಹೊರತು ರೆಂಬೆ ಬದಲಾಗುವುದಿಲ್ಲ.

ಹಾಳೆಯಿಲ್ಲದ ಗ್ರಂಥ ಎಷ್ಟು ಕಷ್ಟ ಕೊಡುತ್ತದೆಂಬುದಕ್ಕೆ ಹೋರ್ಟುಸ್ ಮಲಬಾರಿಕುಸ್ ನಿದರ್ಶನ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಈ ಹನ್ನೆರಡು ಸಂಪುಟಗಳು ೧೬೭೮ರಿಂದ ೧೬೯೩ರವರೆಗೆ ಆಮ್ಸ್ಟರ್‌ಡಾಮಿನಲ್ಲಿ ಅಚ್ಚಾದವು. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಅದರ ಜ್ಞಾನಕ್ಕೆ ಆಧಾರ. ಅವರ ಹೆಸರುಗಳು ಗ್ರಂಥದಲ್ಲಿಯೇ ಅಚ್ಚಾಗಿವೆ. ಚಿತ್ರಗಳಿವೆ, ದೇಶಭಾಷೆಯ ಹೆಸರುಗಳಿವೆ. ಒಣಗಿಸಿಟ್ಟ ಮಾದರಿಗಳ ಬೆಂಬಲವಿಲ್ಲ. ಆದುದರಿಂದ ಅಲ್ಲಿ ಹೇಳಿದ ಗಿಡಗಳು ಯಾವುವೆಂದು ವಿದ್ವಾಂಸರು ಮೂರು ಶತಮಾನ ಚರ್ಚಿಸಿದರು. ಕೊನೆಗೆ ಕಲ್ಲಿಕೋಟೆಯ ಕೆ. ಎಸ್. ಮಣಿಲಾಲ್ ಮತ್ತೆ ಕಾಡು ಸುತ್ತಿ, ಆ ಗಿಡಗಳನ್ನು ಹೊಸದಾಗಿ ಸಂಗ್ರಹಿಸಿ, ೨೦೦೩ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತರಬೇಕಾಯಿತು.

ಇದಕ್ಕೆ ವಿರುದ್ಧವಾದ ಕೊರತೆ ಹತ್ತೊಂಬತ್ತನೆಯ ಶತಮಾನದ್ದು. ಹಾಳೆಗಳು ರಾಶಿ ರಾಶಿಯಾಗಿ ಬಂದವು. ಜನರ ಹೆಸರುಗಳು ಜಾರಿಹೋದವು. ೧೮೪೦ರ ದಶಕದಲ್ಲಿ ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ಆಗಿನ ನಗರ ವಿಭಾಗದಲ್ಲಿ ಗಿಡಗಳನ್ನು ಅಭ್ಯಾಸ ಮಾಡುತ್ತ, ದಿನಕ್ಕೊಂದರಂತೆ ಚಿತ್ರ ಬರೆಸಿದರು. ಆ ಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆದವನು ಒಬ್ಬ ಮರಾಠಿ ಚಿತ್ರಕಾರನೆಂದಷ್ಟೇ ತಿಳಿದಿದೆ, ಹೆಸರು ಉಳಿಯಲಿಲ್ಲ. ಕ್ಲೆಗಾರ್ನ್ ಮುಂದೆ ಮದರಾಸಿನ ಅರಣ್ಯ ಇಲಾಖೆಯ ಮುಖ್ಯಸ್ಥರಾದರು. ಅವರ ನಂತರ ಬಂದವರು ರಿಚರ್ಡ್ ಹೆನ್ರಿ ಬೆಡ್ಡೋಮ್ ಎಂಬ ಸೇನಾಧಿಕಾರಿ. ಘಟ್ಟಗಳನ್ನು ಅಲೆದು ಮರಗಳನ್ನೂ ಜರೀಗಿಡಗಳನ್ನೂ ಹಾವು ಹಲ್ಲಿಗಳನ್ನೂ ಸಂಗ್ರಹಿಸಿದ ಬೆಡ್ಡೋಮರೇ ನಮ್ಮ ಬಿಳಿ ದೇವದಾರಿಯನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದವರು. ಅವರಿಟ್ಟ ಹೆಸರಿನಲ್ಲಿಯೇ ೧೮೭೦ರ ದಶಕದಲ್ಲಿ ಅದು ಡೈಸಾಕ್ಸಿಲಮ್ ಮಲಬಾರಿಕಮ್ ಎಂದು ಯುರೋಪಿನ ಗ್ರಂಥಗಳನ್ನು ಸೇರಿತು. ಅತ್ತ ಮಂಗಳೂರು ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಮೆಟ್ಸ್ ಮುಂತಾದವರು ಕೊಯ್ದ ಗಿಡಗಳು ಜರ್ಮನಿಗೆ ಹೋಗಿ ಯುರೋಪಿನ ಸಂಗ್ರಹಾಲಯಗಳಿಗೆ ಹಂಚಿಕೆಯಾದವು. ಅದೇ ಮಿಷನ್ನಿನ ಕಿಟ್ಟೆಲ್ ೧೮೯೪ರ ತಮ್ಮ ನಿಘಂಟಿನಲ್ಲಿ ಕನ್ನಡದ ಅನೇಕ ಗಿಡಮರಗಳಿಗೆ ಲ್ಯಾಟಿನ್ ಹೆಸರನ್ನು ಕೊಟ್ಟರು. ನಿಘಂಟಿನಲ್ಲಿ ಹೆಸರು, ಭಂಡಾರದಲ್ಲಿ ರೆಂಬೆ. ಎರಡೂ ಬೇರೆ ಬೇರೆ ದಾರಿ ಹಿಡಿದವು.

ನೂರು ಅಡಿ ಎತ್ತರದ ಬಿಳಿ ದೇವದಾರಿಯ ಹೂವು ನೆಲದಲ್ಲಿ ನಿಂತವನ ಕೈಗೆ ಸಿಕ್ಕುವುದಿಲ್ಲ. ಮರ ಹತ್ತಿ ರೆಂಬೆ ಇಳಿಸಿದವನೊಬ್ಬ ಇರಲೇಬೇಕು. ದಾರಿ ತೋರಿಸಿ, ‘ಇದು ಅದಲ್ಲ’ ಎಂದು ಹೇಳಿದವನೊಬ್ಬ ಇರಲೇಬೇಕು. ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಸಾಹೇಬರ ಹೆಸರು. ವೀರಗಲ್ಲಿನಲ್ಲಿ ತುರುಗಾಯ್ದು ಸತ್ತ ಸಾಮಾನ್ಯನ ಹೆಸರನ್ನೂ ಕೆತ್ತಿದ ನಾಡು ನಮ್ಮದು. ಕಾಡಿನ ಶಾಸನದಲ್ಲಿ ಆ ಸೌಜನ್ಯ ತೋರಲಿಲ್ಲ.

ಸ್ವಾತಂತ್ರ್ಯಾನಂತರ ಈ ಕೆಲಸ ನಮ್ಮವರ ಕೈಗೆ ಬಂದಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ದಾನ ಎಂಬ ಜೆಸ್ಯುಯಿಟ್ ಪಾದ್ರಿಗಳು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ನಿಕಲ್ಸನ್ನರ ಜೊತೆಗೂಡಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಗ್ರಂಥವನ್ನು ೧೯೭೬ರಲ್ಲಿ ಹೊರತಂದರು; ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ ೧೯೮೪ರಲ್ಲಿಯೂ ಎರಡನೆಯದು ೧೯೯೬ರಲ್ಲಿಯೂ ಬಂದವು. ಅವರ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ರಾಜಿ ಎಂಬ ಮೂವರು ವಿದ್ವಾಂಸರ ಚಿಕ್ಕಮಗಳೂರು ಜಿಲ್ಲೆಯ ಸಸ್ಯಗ್ರಂಥ ೧೯೮೧ರದು. ಅದೇ ೧೯೭೬ರಲ್ಲಿ ಪ್ರಕಟವಾದ ಬಿ. ಜಿ. ಎಲ್. ಸ್ವಾಮಿಯವರ ಹಸುರು ಹೊನ್ನು ಈ ಗಿಡ ಕೊಯ್ಯುವ ಕಸುಬನ್ನೇ ವಿನೋದದ ಪ್ರವಾಸಕಥನವಾಗಿ ಕನ್ನಡಿಗರ ಮನೆಮನೆಗೆ ತಂದಿತು. ಕುವೆಂಪು ಜನಿಸಿದ್ದು ೧೯೦೪ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅವರ ಕಾದಂಬರಿಗಳ ಕಾಡನ್ನು ಬಲ್ಲವರಿಗೆ ಮಲೆನಾಡಿನ ಮರಕ್ಕೆ ಸಾಹಿತ್ಯ ಕೊಟ್ಟ ಸ್ಥಾನವನ್ನು ಬೇರೆ ಹೇಳಬೇಕಾಗಿಲ್ಲ. ಕವಿ ಕಾಡಿನ ಅನುಭವವನ್ನು ಉಳಿಸಿದರು. ಒಂದೊಂದು ಮರದ ಸಾಕ್ಷ್ಯವನ್ನು ಉಳಿಸಿದ್ದು ಈ ಹಾಳೆಗಳು.

ಹಳೆಯ ಒಣ ಎಲೆಯಿಂದ ಇಂದು ಏನು ಪ್ರಯೋಜನವೆಂದು ಕೇಳಬಹುದು. ಕೊಯ್ದವರು ಊಹಿಸದಿದ್ದ ಪ್ರಶ್ನೆಗಳಿಗೂ ಅದು ಉತ್ತರ ಹೇಳುತ್ತದೆ. ಇಂಗ್ಲೆಂಡಿನ ವುಡ್‌ವರ್ಡ್ ಎಂಬ ವಿಜ್ಞಾನಿ, ಎರಡು ಶತಮಾನಗಳ ಅವಧಿಯಲ್ಲಿ ಸಂಗ್ರಹವಾದ ಮರಗಳ ಎಲೆಗಳನ್ನು ಪರೀಕ್ಷಿಸಿ, ಎಲೆಯ ಉಸಿರುರಂಧ್ರಗಳ ದಟ್ಟಣೆ ಸುಮಾರು ಶೇಕಡ ೪೦ರಷ್ಟು ಇಳಿದಿದೆಯೆಂದು ೧೯೮೭ರಲ್ಲಿ ತೋರಿಸಿದರು. ಗಾಳಿಯಲ್ಲಿ ಇಂಗಾಲಾಮ್ಲ ಹೆಚ್ಚಿದ್ದಕ್ಕೆ ಮರಗಳು ತಾವೇ ಬರೆದುಕೊಟ್ಟ ಸಾಕ್ಷಿ ಅದು. ಚೀಟಿಯ ದಿನಾಂಕಗಳನ್ನು ಜೋಡಿಸಿದರೆ ಹೂ ಬಿಡುವ ಕಾಲ ಸರಿದಿದೆಯೇ ಎಂದು ನೋಡಬಹುದು. ಊರುಗಳನ್ನು ಜೋಡಿಸಿದರೆ ಒಂದು ಮರ ಹಿಂದೆ ಎಲ್ಲೆಲ್ಲಿತ್ತು, ಇಂದು ಎಲ್ಲಿಲ್ಲ ಎಂಬುದು ತಿಳಿಯುತ್ತದೆ.

ಬಿಳಿ ದೇವದಾರಿಗೆ ಈ ಕೊನೆಯ ಮಾತು ಜೀವನ್ಮರಣದ ಪ್ರಶ್ನೆ. ಪೀಪಾಯಿಗೆಂದು, ಪ್ಲೈವುಡ್ಡಿಗೆಂದು ಅದನ್ನು ಮಿತಿಮೀರಿ ಕಡಿದದ್ದರಿಂದ ಅದು ಈಗ ಅಳಿವಿನ ಅಂಚಿನ ಮರಗಳ ಸಾಲಿನಲ್ಲಿದೆ. ಕೊಡಗಿನ ದೇವರಕಾಡುಗಳಲ್ಲಿಯೂ ಕಾಫಿ ತೋಟಗಳ ನಡುವೆಯೂ ಚದುರಿ ನಿಂತಿರುವ ಈ ಮರಗಳ ವಂಶವಾಹಿಗಳನ್ನು ಪರೀಕ್ಷಿಸಿದ ಸಂಶೋಧನೆಯೊಂದು ೨೦೧೨ರಲ್ಲಿ ಪ್ರಕಟವಾಯಿತು. ಪರಾಗ ಬಹುದೂರ ಸಾಗುತ್ತದೆ ನಿಜ; ಆದರೂ ಒಂಟಿಯಾಗಿ ಉಳಿದ ಮರಗಳು ಹತ್ತಿರದ ಬಂಧುಮರಗಳೊಡನೆಯೇ ಕೂಡಿ ಸಂತಾನ ಬಲಗುಂದುವ ಅಪಾಯ ತಪ್ಪುವುದಿಲ್ಲವೆಂದು ಅದು ತಿಳಿಸಿತು. ಮರ ನಿಂತಿದ್ದರೂ ಕಾಡು ಉಳಿದಿದೆಯೆಂದು ಹೇಳಲಾಗದು. ಬೀಜ ಒಯ್ಯುವ ಹಕ್ಕಿ ಬೇಕು, ನೆರೆಯಲ್ಲಿ ಅನ್ಯಕುಲದ ಮರ ಬೇಕು. ದೇವರಕಾಡಿನ ದೇವರ ಭಯವೇ ಅದನ್ನು ಇಲ್ಲಿಯವರೆಗೆ ಕಾಪಾಡಿತೆಂಬುದನ್ನು ನೆನೆದರೆ, ‘ದೇವರ ಮರ’ ಎಂಬ ಎರವಲು ಹೆಸರು ಈ ಮರಕ್ಕೆ ನ್ಯಾಯವಾಗಿಯೇ ಸಂದಿದೆ.

ಹಾಳೆಗಳೂ ಚಿರಂಜೀವಿಗಳಲ್ಲ. ೧೯೪೩ರ ಮಾರ್ಚ್ ತಿಂಗಳ ಮೊದಲ ದಿನದ ರಾತ್ರಿ ಬಾಂಬುದಾಳಿಯಲ್ಲಿ ಬರ್ಲಿನ್ನಿನ ಹರ್ಬೇರಿಯಂ ಉರಿದು ಲಕ್ಷಾಂತರ ಹಾಳೆಗಳು ಬೂದಿಯಾದವು. ಅನೇಕ ಗಿಡಗಳಿಗೆ ಮೊದಲ ಹೆಸರಿಟ್ಟ ಮೂಲಮಾದರಿಗಳೇ ಹೋದವು. ಅದೇ ಗಿಡದ ಜೋಡಿ ಹಾಳೆಗಳು ಬೇರೆ ಊರುಗಳಲ್ಲಿ ಇದ್ದ ಕಡೆ ಮಾತ್ರ ನಷ್ಟ ತುಂಬಿತು. ಯುದ್ಧವೇ ಆಗಬೇಕೆಂದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಎಂಟು ಲಕ್ಷಕ್ಕೂ ಮೀರಿದ ಹಾಳೆಗಳ ತನ್ನ ಹರ್ಬೇರಿಯಂ ಅನ್ನು ಮುಚ್ಚುವುದಾಗಿ ೨೦೨೪ರಲ್ಲಿ ಪ್ರಕಟಿಸಿತು. ಕಾರಣ ಜಾಗ ಮತ್ತು ಖರ್ಚು. ನಮ್ಮಲ್ಲಿ ಗೆದ್ದಲು, ತೇವ, ಬೀರುವಿನ ಕೀಲಿಕೈ ಯಾರ ಹತ್ತಿರ ಇದೆಯೆಂದು ತಿಳಿಯದ ಸ್ಥಿತಿ ಇವೇ ಸಾಕು.

ಆದುದರಿಂದ ನಮ್ಮ ಪಾಲಿಗೆ ಎರಡು ಕೆಲಸ ಉಳಿದಿವೆ. ಒಂದು, ಮಲೆನಾಡಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಒಣಗಿಸಿ, ಅಂಕ ಬಂದ ಮೇಲೆ ಎಸೆಯುವ ಹಾಳೆಗಳನ್ನು ಆಯ್ದು, ಊರು ದಿನಾಂಕಗಳನ್ನು ಸರಿಯಾಗಿ ಬರೆಯಿಸಿ, ಒಂದು ಕಡೆ ಜೋಪಾನ ಮಾಡುವುದು. ಎರಡು, ಚೀಟಿಯಲ್ಲಿ ‘ಸ್ಥಳೀಯ ಹೆಸರು’ ಎಂಬ ಸಾಲನ್ನು ಖಾಲಿ ಬಿಡದಿರುವುದು. ಗಂಧಗರಿಗೆ, ಬಿಳಿ ಅಗಿಲು, ದೇವದಾರಿ ಎಂದು ಕನ್ನಡ ಅಕ್ಷರದಲ್ಲಿಯೇ ಬರೆಯಬೇಕು. ಹೇಳಿದವರು ಯಾರೆಂಬುದನ್ನೂ ಬರೆಯಬೇಕು. ಲ್ಯಾಟಿನ್ ಹೆಸರನ್ನು ಹಾಳೆ ನೋಡಿ ನಾಳೆಯೂ ತಿಳಿಯಬಹುದು. ಗಂಧಗರಿಗೆ ಎಂಬ ಮಾತನ್ನು ಹೇಳುವ ಹಿರಿಯರು ಹೋದ ಮೇಲೆ ಯಾವ ರೆಂಬೆಯನ್ನು ಎಷ್ಟು ನೋಡಿದರೂ ಆ ಹೆಸರು ಅದರಿಂದ ಹುಟ್ಟುವುದಿಲ್ಲ.